ತಿಪ್ಪೆಗೆ ಬರುತ್ತಿದ್ದ ಮುಂಗುಸಿ

ಮೊನ್ನೆ ಕೊಳ್ಳೇಗಾಲದ ಗೊಬ್ಬರದಂಗಡಿಗೆ ಹೋಗಿದ್ದೆ. ಮಾಳಿಗೆಯ ಮೇಲೆ ನಾಲ್ಕು ಗುಲಾಬಿ ಕುಂಡ ಇಟ್ಟುಕೊಂಡು ನಾನೂ ರೈತನೇ ಎಂದು ಬೀಗುವ ಚಪಲ ನನಗಿದೆ. ಬೇರಿಗೆ ಹುಳು ಬಿದ್ದಿದೆ ಎಂದೆ. ಅಂಗಡಿಯವರು ಗುಳಿಗೆ ಔಷಧಿಯ ಪೊಟ್ಟಣ ಮುಂದಿಟ್ಟರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಮಗೆರೆಯ ಚಿಕ್ಕವ್ವನ ತಿಪ್ಪೆ ಕಣ್ಣ ಮುಂದೆ ಬಂತು. ಬೇರೆಯವರಿಗೆ ಮಲ್ಲಿಗೆಯ ಕಂಪಿಗೆ ಹಳೆಯದೆಲ್ಲ ನೆನಪಾಗುತ್ತದಂತೆ, ನನಗೆ ತಿಪ್ಪೆ. ಏನು ಮಾಡಲಿ ಹೇಳಿ.

ತಿಪ್ಪೆ ಎಂದು ಮೂಗು ಮುರಿಯಬೇಡಿ. ನಾನು ರಜೆಗೆ ಹೋಗುತ್ತಿದ್ದ ಕಾಲದಿಂದಲೂ ಅಲ್ಲಿಗೊಂದು ಮುಂಗುಸಿ ಬರುತ್ತಿತ್ತು. ಅದೇ ಮುಂಗುಸಿಯೋ, ಅದರ ಮಕ್ಕಳು ಮೊಮ್ಮಕ್ಕಳೋ, ಚಿಕ್ಕವ್ವನಿಗೆ ಎಲ್ಲ ಒಂದೇ. ಬೆಳಗಾದರೆ ಬೇಲಿಯಿಂದ ನುಸುಳಿ ಬಂದು, ಗೊಬ್ಬರ ಕೆದಕಿ, ಬೆಳ್ಳಗೆ ಕೊಬ್ಬಿದ ಗೊಣ್ಣೆಹುಳುಗಳನ್ನು ಹೆಕ್ಕಿ ತಿನ್ನುತ್ತಿತ್ತು. ಅದು ತಿಂದು ಹೋಗುವವರೆಗೂ ಚಿಕ್ಕವ್ವ ಸಗಣಿ ಮಂಕರಿಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತೇ ಇರುತ್ತಿದ್ದಳು.

"ಸುಮ್ಕಿರ್ಲಾ, ಉಣ್ಣೋರ ಎದ್ರುಗೆ ಓಗ್ಬಾರ್ದು," ಎಂದು ನನ್ನ ತೋಳು ಹಿಡಿದು ನಿಲ್ಲಿಸುತ್ತಿದ್ದಳು. ನನಗೋ ತಿಪ್ಪೆಯಾಚೆಯ ಸೀಬೆಮರದ ಮೇಲೆ ಕಣ್ಣು. ಮುಂಗುಸಿಗಿರುವ ಮರ್ಯಾದೆ ನನಗಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಅವರ ಅರಿಸಿನದ ಗಿಡಗಳು ಒಣಗತೊಡಗಿದವು. ಕಿತ್ತು ನೋಡಿದರೆ ಬೇರನ್ನೆಲ್ಲ ಗೊಣ್ಣೆಹುಳು ಮೇಯ್ದಿತ್ತು. ಹುಳು ಹೊಲಕ್ಕೆ ಹೋಗುವುದೇ ಗೊಬ್ಬರದ ಜೊತೆಯಲ್ಲಿ. ಹಾಗಾಗಿ ಚಿಕ್ಕಪ್ಪ ತಿಪ್ಪೆಗೇ ಇದೇ ಗುಳಿಗೆ ಔಷಧಿ ಬೆರೆಸಿದ. ಬಲು ಹುಷಾರಿನ ಮನುಷ್ಯ. ಕೋಳಿಗಳನ್ನು ಮಂಕರಿಯ ಕೆಳಗೆ ಕವುಚಿದ, ಕರುವನ್ನು ಬಿಗಿಯಾಗಿ ಕಟ್ಟಿದ, ನಾಯಿಯನ್ನು ಒಳಗೆ ಕೂಡಿಹಾಕಿದ. ಮನೆಯ ಬಾಯಿಗಳೆಲ್ಲ ಲೆಕ್ಕಕ್ಕೆ ಬಂದವು. ಮುಂಗುಸಿ ಯಾರಿಗೂ ನೆನಪಾಗಲಿಲ್ಲ.

ಔಷಧಿ ತಾಗಿದ ಹುಳುಗಳು ತಾವಾಗಿಯೇ ಮೇಲೆದ್ದು ಬಂದಿದ್ದವಂತೆ. ಮುಂಗುಸಿಗೆ ಕೆದಕುವ ಕಷ್ಟವೂ ಇರಲಿಲ್ಲ. ಸಂಜೆ ಬೇಲಿಯ ಬುಡದಲ್ಲಿ ಸತ್ತು ಬಿದ್ದಿತ್ತು. "ಎಲೆ ಆಕಿ ಇಸ ಇಕ್ದಂಗಾಯ್ತಲ್ಲಪ್ಪಾ," ಎಂದು ಚಿಕ್ಕವ್ವ ಫೋನಿನಲ್ಲಿ ಅತ್ತಿದ್ದಳು. ಚಿಕ್ಕಪ್ಪ ಗೊಬ್ಬರವನ್ನೆಲ್ಲ ಗಾಡಿಗೆ ತುಂಬಿ, ಎಲ್ಲಿ ಸುರಿಯುವುದೆಂದು ತಿಳಿಯದೆ ಕುಳಿತುಬಿಟ್ಟನಂತೆ. ಹೊಲಕ್ಕೆ ಹಾಕಿದರೆ ಎರೆಹುಳು, ಅದನ್ನು ತಿನ್ನಲು ಬರುವ ಹಂದಿ. ಹಳ್ಳಕ್ಕೆ ಹಾಕಿದರೆ ನೀರಿಗೆ ಬರುವ ಜಿಂಕೆ. ಕೊನೆಗೆ ಆಳದ ಗುಂಡಿ ತೋಡಿ ಮುಚ್ಚಿದ.

ನಾನು ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಕಾಮಗೆರೆಯ ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಚಿಕ್ಕವ್ವನ ಹಿಂದೆ ಹಿತ್ತಲಿಗೆ ಹೋದಾಗ ಬೇಲಿ ಅಲುಗಿತು. ಮುಂಗುಸಿಯ ಮರಿ! ಮೂಗೆತ್ತಿಕೊಂಡು ತಿಪ್ಪೆಯತ್ತಲೇ ಬರುತ್ತಿತ್ತು. ಚಿಕ್ಕವ್ವನ ಮುಖ ಅರಳಿತು. ಅಷ್ಟರಲ್ಲೇ ಮಂಕರಿ ಕೆಳಗಿಟ್ಟು, ಮಣ್ಣಿನ ಹೆಂಟೆಯೊಂದನ್ನು ಅದರ ಮುಂದಕ್ಕೆ ಎಸೆದಳು.

"ಓಗಪ್ಪಾ, ಓಗು!"

"ಇದು ಹೊಸ ಗೊಬ್ರ ಅಲ್ವಾ ಚಿಕ್ಕವ್ವ? ಔಷ್ದಿ ಹಾಕಿಲ್ವಲ್ಲ," ಎಂದೆ.

"ಗೊಬ್ರ ಒಸದು ಕಣ್ಲಾ. ಕೆಳಗ್ಲ ಮಣ್ಣು ಏನ್ ಕುಡ್ಕಂಡದೋ, ನಾನೆಂಗ್ ಏಳ್ಲಿ?"

ಮರಿ ಕದಲಲಿಲ್ಲ. ನಿಂತು ನಮ್ಮನ್ನೇ ನೋಡಿತು. ಚಿಕ್ಕವ್ವ ಸೆರಗನ್ನು ಕಣ್ಣಿಗೊತ್ತಿಕೊಂಡು, "ನೀನಾರ ಓಡ್ಸ್ಲಾ, ನನ್ ಕೈಲಾಗಕಿಲ್ಲ," ಎಂದಳು.

ನಾನು ಬಾಗಿ ಒಂದು ಹೆಂಟೆ ಎತ್ತಿಕೊಂಡೆ.