ದವಡೆಯ ಕೆಳಗಿನ ಬಣ್ಣ

ನಮ್ಮ ನಾಟಕ ಕಂಪನಿಯಲ್ಲಿ ನಟರ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವನನ್ನು ಎಲ್ಲರೂ ಬಣ್ಣದಣ್ಣ ಎನ್ನುತ್ತಿದ್ದರು. ರಾಜನ ಪಾತ್ರ ಮಾಡುತ್ತಿದ್ದವನು ಅವನ ಒಡಹುಟ್ಟಿದ ತಮ್ಮ. ಹನ್ನೊಂದು ವರ್ಷ ಇಬ್ಬರಿಗೂ ಮಾತಿರಲಿಲ್ಲ. ತಾಯಿಯನ್ನು ಮಣ್ಣು ಮಾಡಿದ ದಿನ ತಮ್ಮ ಆಟ ಬಿಟ್ಟು ಬರಲಿಲ್ಲ. ಅಣ್ಣನ ಸಿಟ್ಟಿಗೆ ಅಷ್ಟು ಸಾಕಾಗಿತ್ತು.

ಆದರೂ ತಮ್ಮನ ಮುಖ ಮುಟ್ಟಲು ಬೇರೆ ಯಾರಿಗೂ ಬಿಡುತ್ತಿರಲಿಲ್ಲ ಈ ಪುಣ್ಯಾತ್ಮ. ಬಣ್ಣ ಹಚ್ಚುವ ಕೋಣೆಯಲ್ಲೇ ಉಡುಪುಗಳಿಗೆ ಇಸ್ತ್ರಿ ಹಾಕುತ್ತಿದ್ದ ನಾನು ಕಣ್ಣಾರೆ ಕಂಡಿದ್ದೇನೆ. ಗದ್ದ ಹಿಡಿದೆತ್ತಿದರೆ ಮೇಲೆ ನೋಡು ಎಂದರ್ಥ, ಕೆನ್ನೆ ತಟ್ಟಿದರೆ ತಿರುಗು ಎಂದರ್ಥ. ಆಡುತ್ತಿದ್ದ ನಾಟಕವೂ ಹಾಗೇ ಕೂಡಿಬಂದಿತ್ತು: ಸಿಂಹಾಸನಕ್ಕಾಗಿ ಅಣ್ಣನನ್ನು ಕೊಂದ ರಾಜ, ಕೊನೆಗೆ ಆ ಅಣ್ಣನ ತಲೆಯನ್ನೇ ತೊಡೆಯ ಮೇಲಿಟ್ಟುಕೊಂಡು ಅಳುವ ಹಳೆಯ ದುರಂತ. ದ್ವೇಷ ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರುವಾಯಿತೋ ಆ ರಾಜನಿಗೆ ತಿಳಿಯುವುದಿಲ್ಲ. ಇವರಿಬ್ಬರ ಪಾಡೂ ಅಷ್ಟೇ. ತಮ್ಮ ಅಳುವಾಗ ಬಣ್ಣದಣ್ಣ ಪರದೆಯ ಸಂದಿಯಲ್ಲಿ ನಿಂತು, "ನಾಟ್ಕದಲ್ಲಿ ಮಾತ್ರ ಕಣ್ಣೀರು ಬರುತ್ತೆ ಇವ್ನಿಗೆ" ಎಂದು ಹಲ್ಲು ಕಡಿಯುತ್ತಿದ್ದ. ಹಾಗೆನ್ನುವವನ ಕಣ್ಣೂ ಒದ್ದೆಯಾಗಿರುತ್ತಿತ್ತು.

ಒಂದು ಮಧ್ಯಾಹ್ನ ಅವನ ಬೆರಳು ತಮ್ಮನ ದವಡೆಯ ಕೆಳಗೆ ನಿಂತುಬಿಟ್ಟಿತು. ಕಡಲೆಕಾಳಿನಷ್ಟು ಗಂಟು. ಬಾಯಿ ತೆರೆದ, ಮುಚ್ಚಿದ. ಆಮೇಲೆ ಅದು ದೀಪದ ಬೆಳಕಿಗೆ ಕಾಣದಂತೆ ಮೇಲೆ ಕಂದು ಬಣ್ಣ ಎಳೆದ. ಐದು ತಿಂಗಳು ಗಂಟು ಬೆಳೆದಷ್ಟೂ ಬಣ್ಣ ಗಾಢವಾಯಿತು.

"ಏನಣ್ಣಾ, ಅಲ್ಲಿ ಅಷ್ಟು ಬಳೀತೀಯ?" ಎಂದು ನಾನು ಕೇಳಿದ್ದುಂಟು.

"ಗದ್ದ ಜೋಲುಬಿದ್ದಿದೆ. ರಾಜರಿಗೂ ವಯಸ್ಸಾಗುತ್ತಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದ. ನಾನೂ ನಂಬಿದೆ, ದಡ್ಡಿ.

ತಮ್ಮನ ದನಿ ಒಡೆದು, ತುತ್ತು ಇಳಿಯದಾದಾಗ ಆಸ್ಪತ್ರೆಗೆ ಸೇರಿಸಿದರು. ಕಾಲ ಮಿಂಚಿದೆ ಎಂದರು ಡಾಕ್ಟರು. ಬಣ್ಣದಣ್ಣ ನನ್ನನ್ನೂ ಎಳೆದುಕೊಂಡು ಓಡಿದವನು ಮಂಚದ ಪಕ್ಕ ಕುಸಿದು ಕೂತ.

"ಗಂಟು ನನ್ನ ಕೈಗೆ ಸಿಕ್ಕಿತ್ತು ಕಣೋ. ಐದು ತಿಂಗಳ ಹಿಂದೇನೇ."

"ಗೊತ್ತಿತ್ತು" ಎಂದ ತಮ್ಮ, ಕೇಳಿಯೂ ಕೇಳದ ದನಿಯಲ್ಲಿ. "ಅಲ್ಲಿಗೆ ಬಂದಾಗೆಲ್ಲ ನಿನ್ನ ಬೆರಳು ನಡುಗ್ತಿತ್ತಲ್ಲ."

"ಮತ್ತೆ ಡಾಕ್ಟರ ಹತ್ರ ಯಾಕೋ ಹೋಗ್ಲಿಲ್ಲ, ಪಾಪಿ?"

"ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ನೀನು ಬಾ ಅಂದಿದ್ರೆ ಜೊತೇಲೇ ಹೋಗ್ತಿದ್ದೆ ಅಣ್ಣಾ."

ಆಮೇಲೆ ತಮ್ಮ ಬದುಕಿದ್ದು ಒಂಬತ್ತು ದಿನ. ಅಷ್ಟೂ ದಿನ ಬಣ್ಣದಣ್ಣ ಅವನ ಕೈ ಹಿಡಿದು ಒಂದೇ ಸಮನೆ ಮಾತಾಡಿದ. ಕೊನೆಯ ನಾಲ್ಕು ದಿನ ತಮ್ಮನಿಗೆ ಪ್ರಜ್ಞೆಯೇ ಇರಲಿಲ್ಲ.