ಬೇಡ ಅನ್ನಿ, ಕೆಟ್ಟಿದೆ ಅನ್ನಬೇಡಿ

ಮೂಡಲಲ್ಲಿ ಇನ್ನೂ ಕೆಂಪೇರಿಲ್ಲ, ಆಗಲೇ ಶೆಡ್ಡಿನ ಮುಂದೆ ಎರಡು ಪಿಕಪ್ ಬಂದು ನಿಂತಿವೆ. ಕೋಲಾರದಿಂದ ಸುಗಟೂರಿಗೆ ಹೋಗುವ ದಾರಿಯ ಪಕ್ಕದ ಈ ಶೆಡ್ಡು ಬೆಂಗಳೂರಿನ ಒಂದು ತರಕಾರಿ ಕಂಪನಿಯದು. ಸುತ್ತಲಿನ ರೈತರು ಟೊಮೆಟೊ ತಂದು ಇಲ್ಲಿ ಇಳಿಸುತ್ತಾರೆ, ಇಲ್ಲಿಂದ ಅದು ಪಟ್ಟಣದ ದೊಡ್ಡ ಅಂಗಡಿಗಳಿಗೆ ಹೋಗುತ್ತದೆ. ಇಳಿಯುವುದಕ್ಕೂ ಹೋಗುವುದಕ್ಕೂ ನಡುವೆ ತಗಡು ಹೊದಿಸಿದ ಒಂದು ಉದ್ದನೆಯ ಮೇಜು. ಮೇಜಿನ ಹಿಂದೆ ಅಂಜಮ್ಮ.

ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಟ್ಟಿದ್ದಾರೆ, ಸೆರಗು ಸೊಂಟದಲ್ಲಿದೆ. ಬಾಕ್ಸನ್ನು ಮೇಜಿನ ಮೇಲೆ ಬೋರಲು ಹಾಕುತ್ತಾರೆ. ಹಣ್ಣುಗಳು ಉರುಳುವಷ್ಟರಲ್ಲಿ ಎರಡೂ ಕೈ ಓಡುತ್ತವೆ. ಹುಳ ಹೊಡೆದದ್ದು ಎಡಕ್ಕೆ, ಬಿಸಿಲಿಗೆ ಬೆಂದದ್ದು ಬಲಕ್ಕೆ, ಅರ್ಧ ಕೆಂಪಾದ ದೋರೆಗಾಯಿ ಮುಂದಕ್ಕೆ. ಬಾಯಿಗೆ ಮಾತ್ರ ಬೇರೆ ಕೆಲಸ.

“ಏಮನ್ನಾ, ಟಾರ್ಚ್ ಹಿಡ್ಕೊಂಡು ಕಿತ್ತಿದ್ದಾ? ಹುಳ ಕಾಣ್ಲಿಲ್ಲ ಅಲ್ವಾ?”

“ಹುಳಕ್ಕೂ ಒಂದು ಮನೆ ಬೇಡ್ವೇನಕ್ಕಾ?” ಎನ್ನುತ್ತಾನೆ ಪಿಕಪ್ಪಿನಿಂದ ಇಳಿದ ರೈತ.

“ನಿಮ್ಮನೇಲೇ ಇಟ್ಕೊಳಪ್ಪಾ, ಬಾಡಿಗೆ ಬರ್ತದೆ.”

ರೈತ ನಗುತ್ತಾನೆ. ನಗುತ್ತಲೇ ಹುಳುಕು ಹಣ್ಣನ್ನು ಆರಿಸಿ ಚೀಲಕ್ಕೆ ತುಂಬಿಕೊಳ್ಳುತ್ತಾನೆ. ಅಂಜಮ್ಮ ಹೆಚ್ಚು ಹಾಳು ಕಂಡ ಬಾಕ್ಸಿಗೆ ಕೆಂಪು ಟೇಪು ಸುತ್ತಿ ಬದಿಗೆ ತಳ್ಳುತ್ತಾರೆ. ಅದು ವಾಪಸ್ಸು. ಸುಗ್ಗಿಯ ದಿನಗಳಲ್ಲಿ ಈ ಮೇಜಿನ ಮೇಲೆ ಮುನ್ನೂರು ಬಾಕ್ಸ್ ಉರುಳುವುದುಂಟು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಟೊಮೆಟೊ ಗಿಡದ ಹಾಗೆಯೇ ನಾರುತ್ತವೆ, ಉಗುರಿನ ಸಂದಿ ಹಸಿರು. ಎಷ್ಟು ಸೋಪು ಹಾಕಿ ತಿಕ್ಕಿದರೂ ಮುದ್ದೆ ಮುರಿಯುವಾಗ ವಾಸನೆ ಬಂದೇ ಬರುತ್ತದೆ ಎಂದು ಹೇಳುತ್ತಾರೆ.

ಇಷ್ಟಕ್ಕೇ ಆಗಿದ್ದರೆ ಅಂಜಮ್ಮನನ್ನು ಹುಡುಕಿಕೊಂಡು ಇಲ್ಲಿಯವರೆಗೆ ಬರುವ ಪ್ರಮೇಯವೇ ಇರಲಿಲ್ಲ. ಹಣ್ಣು ಆರಿಸುವ ಹೆಂಗಸರು ಕೋಲಾರದ ಸೀಮೆಯಲ್ಲಿ ಸಾವಿರಾರು ಮಂದಿ ಇದ್ದಾರೆ. ಆದರೆ ಹುತ್ತೂರಿನ ಕಡೆ ಯಾವ ಟೊಮೆಟೊ ಬೆಳೆಗಾರನನ್ನು ಕೇಳಿದರೂ ಸಿಗುವುದು ಒಂದೇ ಮಾತು: “ಟೇಪು ಸುತ್ತಲ್ಲ ಅಂದ್ಲಲ್ಲ, ಆಯಮ್ಮ ಅಲ್ವಾ?”

ಟೇಪಿನ ಕಥೆ ತಿಳಿಯಬೇಕಾದರೆ ಕಂಪನಿಯ ವ್ಯವಹಾರ ಕೊಂಚ ತಿಳಿದಿರಬೇಕು. ಬೆಳೆ ಹೂವಿನಲ್ಲಿರುವಾಗಲೇ ಕಂಪನಿಯವರು ರೈತರ ಜತೆ ಬೆಲೆ ಮಾತಾಡಿಕೊಳ್ಳುತ್ತಾರೆ. ಟೊಮೆಟೊ ಬೆಲೆಯೋ, ಒಂದು ಕಡೆ ನಿಲ್ಲುವ ಜಾತಿಯದಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಅದು ಏರಿದ ದಿನ ರೈತನಿಗೆ ಹೊಟ್ಟೆ ಉರಿ, ಇಳಿದ ದಿನ ಕಂಪನಿಗೆ. ಅಲ್ಲಿ ಅರ್ಧಕ್ಕೆ ಸಿಗುವ ಹಣ್ಣನ್ನು ಮಾತು ಕೊಟ್ಟ ಬೆಲೆಗೆ ಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಹಾಗಂತ ಕೊಳ್ಳುವುದಿಲ್ಲ ಅನ್ನುವ ಹಾಗೂ ಇಲ್ಲ. ಹಾಗೆ ಅಂದರೆ ಮಾತು ಮುರಿದವರು ಅವರಾಗುತ್ತಾರೆ. ಹಣ್ಣು ಚೆನ್ನಾಗಿಲ್ಲ ಎಂದುಬಿಟ್ಟರೆ ತಪ್ಪು ರೈತನ ತಲೆಗೆ ಹೋಗುತ್ತದೆ. ಆದ್ದರಿಂದ ಬೆಲೆ ಬಿದ್ದ ದಿನ ಬೆಂಗಳೂರಿನಿಂದ ಒಂದು ಫೋನು, ಶೆಡ್ಡಿನಲ್ಲಿ ಒಂದಷ್ಟು ಕೆಂಪು ಟೇಪು.

ಟೇಪು ಸುತ್ತಿಸಿಕೊಂಡ ಹಣ್ಣಿಗೆ ಕೋಲಾರದ ಮಂಡಿಗಳಲ್ಲಿ ‘ವಾಪಸ್ ಮಾಲು’ ಎಂದು ಹೆಸರು. ಹರಾಜಿನಲ್ಲಿ ಅದನ್ನು ಮುಟ್ಟಿ ನೋಡುವವರೂ ಕಡಿಮೆ. ಟೇಪು ಕಿತ್ತರೂ ಅಂಟು ಉಳಿಯುತ್ತದೆ, ಅಂಟು ತೊಳೆದರೂ ಸುದ್ದಿ ಉಳಿಯುತ್ತದೆ. ಇದು ಶೆಡ್ಡಿನ ಮ್ಯಾನೇಜರ್ ಚಂದ್ರಮೋಹನ್ ಅವರಿಗೆ ಗೊತ್ತು, ರೈತರಿಗೆ ಗೊತ್ತು, ಬಾಕ್ಸ್ ಇಳಿಸುವ ಹಮಾಲಿಗೂ ಗೊತ್ತು.

ಹೋದ ವರ್ಷದ ಮಾತು, ಅಂಜಮ್ಮನ ಮೇಜಿಗೆ ಅಂಥ ಫೋನು ಮುಟ್ಟಿದ್ದು ಅದೇ ಮೊದಲು. ಹುತ್ತೂರಿನ ಕಡೆಯ ಅಶ್ವತ್ಥಪ್ಪ ಎಂಬ ರೈತ ನಲವತ್ತು ಬಾಕ್ಸ್ ತಂದು ಇಳಿಸಿದ್ದಾರೆ. ಹಣ್ಣು ಒಂದಕ್ಕಿಂತ ಒಂದು ಗಟ್ಟಿ. ಅಷ್ಟರಲ್ಲಿ ಫೋನು ಬರುತ್ತದೆ. ಚಂದ್ರಮೋಹನ್ ಹೊರಗೆ ಬಂದು, ಅಂಜಮ್ಮನ ಮುಖ ನೋಡದೆ, “ಆ ಲೋಡ್‌ಗೆ ಟೇಪ್ ಹಾಕ್ಬಿಡಿ” ಎನ್ನುತ್ತಾರೆ.

“ಯಾಕ್ ಸಾರ್?”

“ಕೆಟ್ಟಿದೆ ಅಂತ.”

“ಎಲ್ಲಿ ಕೆಟ್ಟಿದೆ ಸಾರ್? ಚೆನ್ನಾಗೇ ಇದ್ಯಲ್ಲ.”

“ಚೆನ್ನಾಗಿದೆ ಅಂತ ನಂಗೂ ಗೊತ್ತು ಅಂಜಮ್ಮಾ. ಮೇಲಿಂದ ಹೇಳಿದ್ದಾರೆ, ಏನ್ ಮಾಡ್ಲಿ?”

ಅಂಜಮ್ಮ ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಾರೆ. “ಬೇಡ ಅಂದ್ರೆ ಬೇಡ ಅನ್ನಿ ಸಾರ್. ಕೆಟ್ಟಿದೆ ಅಂತ ಯಾಕನ್ಬೇಕು? ನನ್ ಕೈಲಿ ಆಗಲ್ಲ.”

ಮೆಲ್ಲಗೆ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅಂಜಮ್ಮನದು ಹೊಲದ ಈ ಬದಿಯಿಂದ ಆ ಬದಿಗೆ ಕೂಗಿ ಪಳಗಿದ ಗಂಟಲು. ಅಶ್ವತ್ಥಪ್ಪ ಕೇಳಿಸಿಕೊಂಡರು, ಹಮಾಲಿಗಳು ಕೇಳಿಸಿಕೊಂಡರು, ಹಿಂದಿನ ಪಿಕಪ್ಪಿನ ಡ್ರೈವರ್ ಇಳಿದೇ ಬಂದ. ಅಷ್ಟು ಜನರ ಮುಂದೆ ಟೇಪು ಸುತ್ತಲು ಚಂದ್ರಮೋಹನ್ ಅವರ ಕೈಯೂ ಏಳಲಿಲ್ಲ. ಲೋಡು ವಾಪಸ್ಸೇನೋ ಹೋಯಿತು, ಟೇಪಿಲ್ಲದೆ ಹೋಯಿತು.

“ಅವತ್ತು ರೇಟೇ ಬಿದ್ದಿತ್ತು, ನಂಗೇನೂ ಲಾಭ ಆಗ್ಲಿಲ್ಲ,” ಎನ್ನುತ್ತಾರೆ ಅಶ್ವತ್ಥಪ್ಪ. ಉಪಚಾರದ ಮಾತು ಅವರಿಗೆ ಬರುವುದಿಲ್ಲ. “ಆದ್ರೆ ಒಳ್ಳೆ ಮಾಲು ಅಂತ ಹೇಳಿ ಮಾರ್ದೆ. ತಲೆ ಬಗ್ಗಿಸ್ಕೊಂಡು ಮಾರ್ಲಿಲ್ಲ.”

ಮಾರನೆಯ ದಿನ ಅಂಜಮ್ಮ ಬಂದಾಗ ಮೇಜಿನ ಹಿಂದೆ ತ್ರಿವೇಣಿ ನಿಂತಿದ್ದಳು. ತ್ರಿವೇಣಿ ಮೂವತ್ತರ ಹೆಂಗಸು, ಅಂಜಮ್ಮನೇ ಕೆಲಸ ಕಲಿಸಿದವಳು, ಇಬ್ಬರು ಶಾಲೆಗೆ ಹೋಗುವ ಮಕ್ಕಳ ತಾಯಿ. ಅಂಜಮ್ಮನಿಗೆ ಹಿಂದಿನ ತೊಟ್ಟಿಯ ಹತ್ತಿರ ಬಾಕ್ಸ್ ತೊಳೆಯುವ ಕೆಲಸ. ಕೂಲಿ ಕಡಿಮೆ, ಕಾಲು ಸದಾ ನೀರಲ್ಲಿ. ತ್ರಿವೇಣಿ ಮೇಲೆ ಸಿಟ್ಟು ಬರಲಿಲ್ಲವೇ ಎಂದರೆ ಅಂಜಮ್ಮ ತಲೆ ಆಡಿಸುತ್ತಾರೆ. “ಅವ್ಳ ಮೇಲೆ ಯಾಕ್ ಸಿಟ್ಟು? ಟೇಪು ಅವ್ಳ ಕೈಲಿದ್ರೂ ಕೈ ಅವ್ಳದಲ್ಲ.”

ಹಾಗಾದರೆ ಅಂಜಮ್ಮನಿಗೇ ಯಾಕೆ ಈ ಹಟ? ಇದಕ್ಕೆ ಉತ್ತರ ಕೊಡುವ ಮುನ್ನ ಅವರು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ತವರು ಶ್ರೀನಿವಾಸಪುರದ ಕಡೆ. ಹತ್ತೊಂಬತ್ತರಲ್ಲಿ ಮುಳಬಾಗಿಲಿನ ಕಡೆಯಿಂದ ಗಂಡಿನವರು ನೋಡಲು ಬಂದರು, ಒಪ್ಪಿದರು, ಎಲೆಯಡಿಕೆ ಬದಲಾಯಿಸಿದರು. ಆಮೇಲೆ ಅವರಿಗೆ ಇನ್ನೊಂದು ಕಡೆ ಇದಕ್ಕಿಂತ ಅನುಕೂಲದ ಸಂಬಂಧ ಕುದುರಿತು. ಕೊಟ್ಟ ಮಾತು ಮುರಿದೆವು ಅನ್ನಿಸಿಕೊಳ್ಳಲು ಅವರಿಗೆ ಇಷ್ಟವಿಲ್ಲ. ಹುಡುಗಿಗೆ ಮೂರ್ಛೆ ರೋಗ ಎಂದು ಹೇಳಿಬಿಟ್ಟರು.

“ಬೇಡ ಅಂದಿದ್ರೆ ಒಂದಿನ ಅತ್ತು ಸುಮ್ನಾಗ್ತಿದ್ದೆ. ಮೂರ್ಛೆ ಅಂದ್ರು ನೋಡಿ, ಅದು ಊರೂರು ತಿರುಗ್ತು. ಮೂರು ವರ್ಷ ಒಬ್ರೂ ನಮ್ಮನೆ ಬಾಗ್ಲಿಗೆ ಬರ್ಲಿಲ್ಲ. ನೀರಿಗೆ ಹೋದ್ರೆ ಹೆಂಗಸ್ರು ನನ್ ಕೊಡ ಹಿಡ್ಕೊಳ್ಳೋರು, ಎಲ್ಲಿ ಬಿದ್ಬಿಡ್ತಾಳೋ ಅಂತ.” ಅವರ ಧ್ವನಿ ಇಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. “ಅಮ್ಮ ಸಾಯೋವರ್ಗೂ ಅದನ್ನ ಮರೀಲಿಲ್ಲ. ನಾನೂ ಮರೀಲಿಲ್ಲ.”

ಕೊನೆಗೆ ಸುಗಟೂರಿನಿಂದ ಬಂದವರು ಕದಿರಪ್ಪ. ಮದುವೆಗೆ ಮುಂಚೆಯೇ ಯಾರೋ ಹಿತೈಷಿಗಳು ಅವರ ಕಿವಿಗೂ ಸುದ್ದಿ ಮುಟ್ಟಿಸಿದರು. “ಬಂದ್ರೆ ಒಂದ್ ಚೊಂಬು ನೀರು ಚಿಮುಕಿಸ್ತೀನಿ ಬಿಡಿ ಅಂದೆ,” ಎಂದು ಈಗಲೂ ಹೇಳಿಕೊಂಡು ನಗುತ್ತಾರೆ ಕದಿರಪ್ಪ. “ಮೂವತ್ತು ವರ್ಷ ಆಯ್ತು, ಚೊಂಬು ಇಟ್ಕೊಂಡು ಕಾಯ್ತಾನೇ ಇದೀನಿ, ಒಂದ್ಸಲಾನೂ ಅವಕಾಶ ಕೊಟ್ಟಿಲ್ಲ!” ಇಬ್ಬರೂ ಸೇರಿ ಸ್ವಲ್ಪ ರಾಗಿ, ಸ್ವಲ್ಪ ಹಿಪ್ಪುನೇರಳೆ ಬೆಳೆಯುತ್ತಾರೆ, ಎರಡು ಹಸು ಇವೆ. ಮಗಳೂ ಅದೇ ಊರಿನಲ್ಲಿದ್ದಾಳೆ. ಮೊಮ್ಮಗಳು ಧನಶ್ರೀ ಊರಿನ ಶಾಲೆಯಲ್ಲಿ ಮೂರನೇ ತರಗತಿ.

ಆ ಶಾಲೆಗೆ ಕುಡಿಯುವ ನೀರಿನ ಯಂತ್ರ ಹಾಕಿಸಿದ್ದು ಇದೇ ಕಂಪನಿ. ಗೋಡೆಗೆ ಬಣ್ಣ, ಬಣ್ಣದ ಮೇಲೆ ಹಕ್ಕಿ ಚಿತ್ರ, ಹಕ್ಕಿಯ ಪಕ್ಕದಲ್ಲಿ ಕಂಪನಿಯ ಹೆಸರು. ಸಮಾಜದ ಋಣ ತೀರಿಸುವುದು ನಮ್ಮ ಕರ್ತವ್ಯ ಎಂದು ಉದ್ಘಾಟನೆಯ ದಿನ ಭಾಷಣವೂ ಆಯಿತಂತೆ. ಅಂಜಮ್ಮ ಇದನ್ನು ಹಗುರ ಮಾಡುವುದಿಲ್ಲ. “ಒಳ್ಳೇದೇ ಮಾಡಿದ್ದಾರೆ, ಇಲ್ಲ ಅಂದ್ರೆ ಬಾಯಲ್ಲಿ ಹುಳ ಬೀಳ್ತದೆ. ನನ್ ಮೊಮ್ಮಗ್ಳೂ ಅದೇ ನೀರು ಕುಡೀತಾಳೆ. ಆದ್ರೆ ನೀರು ಕೊಟ್ಟೋರು ಅಂತ ಸುಳ್ಳಿಗೆ ಕೈ ಕೊಡೋಕಾಗ್ತದಾ?”

ಬಾಕ್ಸ್ ತೊಳೆಯುತ್ತಿದ್ದ ಕಾಲದಲ್ಲೇ ಮಹಿಳಾ ದಿನ ಬಂತು. ಬೆಂಗಳೂರಿನಿಂದ ದೊಡ್ಡವರು ಬಂದು, ಬಾಕ್ಸುಗಳು ಫಳಫಳ ಹೊಳೆಯುವುದನ್ನು ಕಂಡು ಮೆಚ್ಚಿ, ಅಂಜಮ್ಮನಿಗೆ ಶಾಲು ಹೊದಿಸಿ ‘ಶುಚಿತ್ವ ಸಾಧಕಿ’ ಎಂಬ ಪ್ರಶಸ್ತಿ ಫಲಕ ಕೊಟ್ಟು ಫೋಟೊ ತೆಗೆಸಿಕೊಂಡರು. “ತೊಳ್ದಿದ್ದಕ್ಕೆ ಶಾಲು ಹಾಕಿದ್ರು, ತೊಳೆಯೋಕೆ ಯಾಕ್ ಹಾಕಿದ್ರು ಅಂತ ಒಬ್ರೂ ಕೇಳ್ಲಿಲ್ಲ,” ಎಂದು ಕದಿರಪ್ಪ ರೇಗಿಸುತ್ತಾರೆ. ಶಾಲು ಈಗ ಎಳೆಗರುವಿನ ಮೈಮೇಲಿದೆ. ಚಳಿಗೆ ಚೆನ್ನಾಗಿದೆಯಂತೆ.

ಅತ್ತ ಮೇಜಿನ ಹತ್ತಿರ ಬೇರೆಯೇ ಕಥೆ ಶುರುವಾಗಿತ್ತು. ಒಳ್ಳೆಯ ಹಣ್ಣಿಗೂ ಟೇಪು ಬೀಳುತ್ತದೆ ಎಂದಾದ ಮೇಲೆ ರೈತರು ಒಳ್ಳೆಯದನ್ನು ಯಾಕೆ ತಂದಾರು? ಹೇಗೂ ಕೆಟ್ಟಿದೆ ಅಂತಾರೆ, ಕೆಟ್ಟದ್ದನ್ನೇ ಹಾಕೋಣ ಎಂದು ಕೆಲವರು ಮೇಲೆ ಎರಡು ಸಾಲು ಚೆಂದದ ಹಣ್ಣು ಜೋಡಿಸಿ ಕೆಳಗೆ ಕಸ ತುಂಬಿದರು. ಬೆಲೆ ಏರಿದ ದಿನಗಳಲ್ಲಿ, ಸಿಕ್ಕಿದ್ದೇ ಸಾಕೆಂದು, ಅದೂ ಪಾಸಾಯಿತು. ಬೆಂಗಳೂರಿನ ಅಂಗಡಿಗಳಿಂದ ದೂರಿನ ಮೇಲೆ ದೂರು. ಚಂದ್ರಮೋಹನ್ ಒಂದು ಬೆಳಿಗ್ಗೆ ತೊಟ್ಟಿಯ ಹತ್ತಿರ ಬಂದು, “ಅಂಜಮ್ಮಾ, ಮೇಜಿಗೆ ಬನ್ನಿ” ಎಂದರು. ಅಂಜಮ್ಮ ಯಾಕೆ ಏನು ಎಂದು ಕೇಳದೆ ಸೆರಗಿಗೆ ಕೈ ಒರೆಸಿಕೊಂಡು ಹೋದರು. ತಿಂಗಳೊಳಗೆ ರೈತರ ಬಾಕ್ಸುಗಳು ಮೇಲೆ ಕೆಳಗೆ ಒಂದೇ ಆದವು.

ಬೆಂಗಳೂರಿನ ಫೋನು ಮಾತ್ರ ನಿಲ್ಲಲಿಲ್ಲ. ಅದಕ್ಕೊಂದು ಉಪಾಯ ಹುಟ್ಟಿಕೊಂಡಿತು. ಬೆಲೆ ಬಿದ್ದ ದಿನ ಚಂದ್ರಮೋಹನ್ ಬಲು ಅಕ್ಕರೆಯಿಂದ, “ಅಂಜಮ್ಮಾ, ರಸ್ತೆಗೆ ಹೋಗಿ ಟೀ ಕುಡ್ಕೊಂಡ್ ಬನ್ನಿ, ನಿಧಾನಕ್ಕೆ ಬನ್ನಿ” ಎನ್ನತೊಡಗಿದರು. ಮೊದಲ ಸಲ ಅಂಜಮ್ಮನಿಗೆ ಖುಷಿಯೇ ಆಯಿತು. ಬಂದು ನೋಡಿದರೆ ಒಂದು ಪಿಕಪ್ ತುಂಬ ಕೆಂಪು ಟೇಪು ಗೇಟು ದಾಟುತ್ತಿದೆ, ತ್ರಿವೇಣಿ ತಲೆ ಎತ್ತುತ್ತಿಲ್ಲ. ಎರಡನೇ ಸಲವೂ ಹಾಗೇ. ರೈತರಿಗೂ ಗೊತ್ತಾಗಿಹೋಯಿತು. ಗಾಡಿಗೆ ಮಾಲು ತುಂಬುವ ಮೊದಲೇ ಹಮಾಲಿಗೆ ಫೋನು ಮಾಡಿ, “ಅಂಜಕ್ಕ ಮೇಜಲ್ಲಿದ್ದಾಳಾ, ಟೀಗೆ ಹೋದ್ಲಾ?” ಎಂದು ಕೇಳತೊಡಗಿದರು.

“ಥೂ ಅನ್ನಿಸ್ಬಿಡ್ತು,” ಎನ್ನುತ್ತಾರೆ ಅಂಜಮ್ಮ. “ನಾನ್ ಕುಡಿಯೋ ಟೀ ಲೆಕ್ಕದಲ್ಲಿ ಇನ್ನೊಬ್ಬನ ಬೆಳೆ ಹಾಳಾಗ್ತದಲ್ಲ.”

ಕಳೆದ ತಿಂಗಳು ಮತ್ತೆ ಬೆಲೆ ಬಿತ್ತು. ಶ್ರೀನಿವಾಸಪುರದ ಕಡೆಯ ಒಂದು ಲೋಡು ಮೇಜಿನ ಮುಂದೆ ನಿಂತಿತ್ತು. ಚಂದ್ರಮೋಹನ್ ಹೊರಗೆ ಬಂದರು.

“ಅಂಜಮ್ಮಾ, ಟೀ…”

“ಬಿಟ್ಟಿದೀನಿ ಸಾರ್.”

“ಯಾವಾಗಿಂದ?”

“ಈಗಿಂದ.”

ತ್ರಿವೇಣಿಗೆ ನಗು ತಡೆಯಲಾಗಲಿಲ್ಲ.  ಚಂದ್ರಮೋಹನ್ ಅವರೂ ಬಂಗಾರಪೇಟೆಯ ಒಬ್ಬ ರೈತನ ಮಗನೇ, ಕೆಟ್ಟವರೇನಲ್ಲ. ಫೋನು ಜೇಬಿಗೆ ಹಾಕಿಕೊಂಡು ನೇರ ಪಿಕಪ್ಪಿನ ಹತ್ತಿರ ಹೋಗಿ ರೈತನಿಗೆ ಹೇಳಿದರು: “ಹಣ್ಣು ಚೆನ್ನಾಗಿದೆ ಕಣಪ್ಪಾ. ಇವತ್ತು ನಮಗೆ ಬೇಡ. ಮಾರ್ಕೆಟ್ಟಿಗೆ ಹೊಡ್ಕೊಂಡ್ ಹೋಗ್ಬಿಡು.” ರೈತ ಬಾಯಿಗೆ ಬಂದ ಹಾಗೆ ಬೈದ. ಬೈದದ್ದೆಲ್ಲ ಕಂಪನಿಗೆ. ಬಾಕ್ಸುಗಳು ಬಂದ ಹಾಗೆಯೇ ಗೇಟು ದಾಟಿದವು.

ಮೇಲಿನವರಿಗೆ ಆ ದಿನ ಏನು ಉತ್ತರ ಕೊಟ್ಟರು ಎಂದರೆ ಚಂದ್ರಮೋಹನ್ ನಕ್ಕು ಮಾತು ಮರೆಸುತ್ತಾರೆ. “ನಂದೂ ಹೊಟ್ಟೆಪಾಡು ಸಾರ್. ಬರೀರಿ, ಕಂಪನಿ ಹೆಸರೊಂದು ಬೇಡ.” ಇದನ್ನು ಬರೆದರೆ ಮತ್ತೆ ತೊಟ್ಟಿಗೆ ಹಾಕಿಯಾರು ಎಂಬ ಭಯ ಅಂಜಮ್ಮನಿಗೆ ಇಲ್ಲದೆ ಇಲ್ಲ. “ಹಾಕಿದ್ರೆ ತೊಳೀತೀನಿ. ತೊಳೆಯೋದ್ರಲ್ಲಿ ಸುಳ್ಳಿಲ್ವಲ್ಲ.”

ಅಂದು ಬಾಯಿಗೆ ಬಂದ ನೆಪವಷ್ಟೇ ಆಗಿದ್ದರೆ ಮನೆಯಲ್ಲಾದರೂ ಟೀ ಕುಡಿಯಬಹುದಿತ್ತು. ಅಂಜಮ್ಮ ಅಲ್ಲಿಯೂ ಬಿಟ್ಟಿದ್ದಾರೆ. ಬಿಟ್ಟಿದೀನಿ ಅಂದ ಮೇಲೆ ಬಿಟ್ಟಿರಬೇಕು ಎಂಬುದು ಅವರ ವಾದ. ಈಗ ಬೆಳಗ್ಗೆ ಕದಿರಪ್ಪ ಒಬ್ಬರೇ ಲೋಟ ಹಿಡಿದು, ಹೆಂಡತಿಗೆ ಬೆನ್ನು ಮಾಡಿ ಕುಡಿಯುತ್ತಾರೆ. ಮೂವತ್ತು ವರ್ಷದ ಚಟ, ಕಷ್ಟವಾಗುವುದಿಲ್ಲವೇ ಎಂದು ಕೇಳಿದರೆ ಅಂಜಮ್ಮ ಇನ್ನೊಂದು ಬಾಕ್ಸನ್ನು ಮೇಜಿನ ಮೇಲೆ ಸುರಿಯುತ್ತಾರೆ.

“ಹತ್ತು ಗಂಟೆ ಆಗ್ತಿದ್ದಂಗೆ ತಲೆ ಸಿಡೀತದೆ,” ಎನ್ನುತ್ತಾರೆ, ಕೈ ನಿಲ್ಲಿಸದೆ. “ಸಿಡೀಲಿ ಬಿಡಿ. ನನ್ ತಲೆ ತಾನೇ.”