ಅವ್ವ ಶೈಲಾಗೆ ಆರಿಸಿಕೊಟ್ಟ ಮೀನು

ಇಳಕಲ್ಲಿನ ನಮ್ಮ ಓಣಿಯಲ್ಲಿ ಆಗ ಮಗ್ಗವಿಲ್ಲದ ಮನೆ ಇರಲಿಲ್ಲ, ಮೀನು ಸಾಕಿದ ಮನೆಯೂ ಇರಲಿಲ್ಲ. ಆ ಬೇಸಿಗೆ ರಜೆಯಲ್ಲಿ ಕಾಕಾ ತನ್ನ ಮಗಳು ಶೈಲಾಗೆಂದು ಗಾಜಿನ ಪೆಟ್ಟಿಗೆ ತಂದ. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆನೇನೋ. ಆಕೆ ಬಂದು ನಮ್ಮವ್ವನ ಸೆರಗು ಜಗ್ಗಿ, “ದೊಡ್ಡವ್ವಾ, ಮೀನ ನೀನ ಆರಿಸಿ ಕೊಡಬೇಕು,” ಎಂದಳು.

ಸೀರೆಯ ಯಾವ ಬಣ್ಣದ ಒಡಲಿಗೆ ಅಂಚಿನ ಯಾವ ದಡಿ ಒಪ್ಪುತ್ತದೆಂದು ಓಣಿಯವರೆಲ್ಲ ಅವ್ವನನ್ನೇ ಕೇಳುತ್ತಿದ್ದರು. ಅಂಥ ಅವ್ವ ನನಗೊಂದು ರಿಬ್ಬನ್ನನ್ನೂ ಆರಿಸಿದವಳಲ್ಲ. ಕೇಳಿದರೆ, “ಇದ್ದದ್ದ ಹಾಕ್ಕೋ,” ಅಷ್ಟೇ.

ಬಾಗಲಕೋಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಶೈಲಾ, ನಡುವೆ ಅವ್ವ, ತುದಿಯಲ್ಲಿ ನಾನು. ಅಂಗಡಿಯಲ್ಲಿ ಅವ್ವ ಉದ್ದ ಬಾಲದ ಕಪ್ಪು ಗಪ್ಪಿ ಮೀನುಗಳನ್ನು ಆರಿಸಿದಳು. ಆಮೇಲೆ ಬಾಟಲಿಯಲ್ಲಿ ಒಂಟಿಯಾಗಿದ್ದ ಕೆಂಪು ಫೈಟರ್ ಮೀನಿನ ಕಡೆ ಕೈ ತೋರಿಸಿದಳು.

“ಅದು ಬ್ಯಾಡ್ರಿ ಅಕ್ಕಾರ. ಗಪ್ಪಿ ಬಾಲ ಕಂಡ್ರ ಹರದ ಹಾಕ್ತೈತ್ರಿ,” ಎಂದ ಅಂಗಡಿಯವ.

“ಕರಿ ಒಡಲಿಗೆ ಕೆಂಪ ಸೆರಗ ಇಲ್ಲಂದ್ರ ಅದೇನ ಸೀರಿ ಆಗ್ತದೇನೋ ತಮ್ಮಾ? ಕೊಡು ಸುಮ್ನ!”

ಖರೆ ಹೇಳಬೇಕೆಂದರೆ, ಪೆಟ್ಟಿಗೆ ಚೆಂದ ಕಾಣುತ್ತಿತ್ತು. ನೂಲಿಗೆ ಹಚ್ಚುವ ಗಂಜಿಯ ವಾಸನೆಯ ಕೈಗಳನ್ನು ಒರೆಸಿಕೊಳ್ಳುತ್ತ ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೊಗಳಿದರು. ನಾನು ಹೊರಗೆ ಒಬ್ಬಳೇ ಕುಂಟಾಟ ಆಡಿದೆ.

ಮರುದಿನ ಗಪ್ಪಿಗಳ ಬಾಲಗಳು ಚಿಂದಿಯಾಗಿದ್ದವು. ಕೆಲವು ಸತ್ತು ತೇಲುತ್ತಿದ್ದವು. ನನಗೆ ಸ್ವರ್ಗಕ್ಕೆ ಮೂರೇ ಗೇಣು! ಇನ್ನು ಶೈಲಾ ಅವ್ವನ ಮೇಲೆ ಮುನಿಸಿಕೊಳ್ಳುತ್ತಾಳೆ, ಅವ್ವ ನನ್ನವಳಾಗುತ್ತಾಳೆ ಎಂದುಕೊಂಡೆ. ಆದರೆ ಆಕೆ ಅವ್ವನ ಮಡಿಲಲ್ಲೇ ಬಿದ್ದು ಅತ್ತಳು.

“ಅಳಬ್ಯಾಡ ನನ್ನ ಬಂಗಾರಿ. ಬಣ್ಣ ನೋಡಿದ್ನಿ, ಗುಣ ನೋಡಲಿಲ್ಲ,” ಎಂದು ಅವ್ವ ಆಕೆಗೆ ಬಿಸಿ ಸಜ್ಜಕ ತಿನ್ನಿಸಿದಳು. ನಾನೂ ಬಾಯಿ ತೆರೆದೆ.

“ನಿನಗೇನ ಧಾಡಿ ಆಗೇತಿ? ತಾಟ ತಗೊಂಡ ಉಣ್ಣ ಹೋಗು.”

ಸಮಾಧಾನಕ್ಕೆಂದು ಅವ್ವ ಆಕೆಯನ್ನು ಮಗ್ಗದ ಪಕ್ಕ ಕೂರಿಸಿಕೊಂಡು ನೂಲಿನ ಬಣ್ಣ ತೋರಿಸತೊಡಗಿದಳು. ರಜೆ ಮುಗಿಯುವವರೆಗೂ ಅದೇ ನಡೆಯಿತು. ನಾನು ಹಟಕ್ಕೆ ಅತ್ತ ಸುಳಿಯಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ.

ಈಗ ನನ್ನ ಮಗಳ ಹತ್ತಿರವೂ ಮೀನಿನ ಪೆಟ್ಟಿಗೆಯಿದೆ. ಯಾವ ಮೀನಿನ ಜೊತೆ ಯಾವುದು ಬಾಳುತ್ತದೆಂದು ಮೊಬೈಲೇ ಹೇಳುತ್ತದೆ. ಆದರೂ ಮೊನ್ನೆ ಅವ್ವ ಬಂದಾಗ ಕೈ ಹಿಡಿದು ಅದರ ಮುಂದೆ ಕೂರಿಸಿದೆ. “ಇವಕ್ಕ ಒಪ್ಪೋ ಇನ್ನೊಂದ ಮೀನ ಈ ಸಲ ನನಗ ಆರಿಸಿ ಕೊಡವ್ವಾ,” ಎಂದೆ.

ಅವ್ವ ಗಾಜಿಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದಳು.

“ಕಣ್ಣ ಹೋಗ್ಯಾವ ಮಗಳ, ಎಲ್ಲಾ ಒಂದ ಬಣ್ಣ ಕಾಣ್ತಾವು,” ಎಂದಳು. ಆಮೇಲೆ ನನ್ನ ಬೆನ್ನು ಸವರಿ ಸಮಾಧಾನ ಹೇಳಿದಳು: “ನಮ್ಮ ಶೈಲಾನ್ನ ಕೇಳು. ನನಗ ಗೊತ್ತಿದ್ದದ್ದೆಲ್ಲಾ ಆಕಿಗೆ ಕೊಟ್ಟೇನಿ.”